ತೋಟಕ್ಕೆ ದುಡಿಯಲು ಹೋಗುವ ಮನೆಗಳಿಗೆ ಯಾವ ಪೆಟ್ಟು ಜೋರು? ಸಮೀಕ್ಷೆಗೆ ನಿಮ್ಮ ಸಲಹೆ ಬೇಕು

ಸೇಡಂ ಓದುಗಿ
ಎಲ್ಲರಿಗೂ ನಮಸ್ಕಾರ. ನಾನು ಕಲಬುರಗಿಯಲ್ಲಿ ಸಮಾಜಕಾರ್ಯ ಓದುತ್ತಿದ್ದೇನೆ. ಸೇಡಂ, ಚಿಂಚೋಳಿ, ಗುರುಮಠಕಲ್ ಕಡೆಯ ಲಂಬಾಣಿ ತಾಂಡಾ ಮತ್ತು ಹಳ್ಳಿಗಳಿಂದ ಕಾಫಿ ತೋಟಕ್ಕೆ ಹೋಗುವ ಮನೆಗಳ ಬಗ್ಗೆ ಒಂದು ಸಮೀಕ್ಷೆ ಮಾಡಬೇಕು. ದೀಪಾವಳಿ ಮುಗಿಸಿಕೊಂಡು ಚಿಕ್ಕಮಗಳೂರು, ಸಕಲೇಶಪುರ, ಕೊಡಗಿನ ಕಡೆ ಹೊರಡುವವರು ಇವರು. ಅರೇಬಿಕಾ ಹಣ್ಣಿನಿಂದ ಶುರು ಮಾಡಿ, ರೊಬಸ್ಟಾ ಮುಗಿದ ಮೇಲೆ ಮಾರ್ಚ್ ಸುಮಾರಿಗೆ ವಾಪಸ್ ಬರುತ್ತಾರೆ.

ನನ್ನ ಪ್ರಶ್ನೆಪಟ್ಟಿ ತುಂಬಾ ಉದ್ದ ಆಗಿದೆ. ಕೂಲಿ, ಮುಂಗಡ ಸಾಲ, ಲೈನ್ ಮನೆ (ತೋಟದಲ್ಲಿ ಕೂಲಿಯವರು ಇರುವ ಸಾಲು ಮನೆ), ನೀರು, ಶೌಚಾಲಯ, ಮಕ್ಕಳ ಶಾಲೆ, ಹೆಂಗಸರ ಆರೋಗ್ಯ, ಊರಲ್ಲಿ ಉಳಿದ ಮುದುಕರು, ರೇಷನ್, ಓಟು, ಜಾತಿಯ ಮಾತು, ಆನೆ ಭಯ, ಎಲ್ಲ ಇದೆ. ಇಷ್ಟೆಲ್ಲ ಕೇಳುತ್ತಾ ಕೂತರೆ ಆ ಮನೆಯವರ ಒಂದು ಹೊತ್ತಿನ ಕೆಲಸ ಹಾಳು. ನಾಲ್ಕೈದು ವಿಷಯ ಮಾತ್ರ ಇಟ್ಟುಕೊಳ್ಳಬೇಕು ಅಂತಿದ್ದೇನೆ. ಯಾವುದನ್ನು ಇಟ್ಟುಕೊಳ್ಳಲಿ, ಯಾವುದನ್ನು ಬಿಡಲಿ? ತೋಟಕ್ಕೆ ಹೋಗಿ ಬಂದವರು, ಅವರ ಮನೆಯವರು ಇಲ್ಲಿದ್ದರೆ ದಯವಿಟ್ಟು ಹೇಳಿ.

ಆಳಂದ ಕಾಕಾ
ಕೂಲಿ. ಉಳಿದದ್ದೆಲ್ಲ ಆಮೇಲೆ ತಂಗಿ. ಊರಲ್ಲಿ ನಾಲ್ಕು ಕಾಸು ಸಿಗುವ ಹಾಗಿದ್ದರೆ ಯಾರೂ ಗಂಟುಮೂಟೆ ಕಟ್ಟುತ್ತಿರಲಿಲ್ಲ.

ತಾಂಡಾದ ಮಗ
ಕಾಕಾ ಹೇಳಿದ್ದು ಸರಿ, ಆದರೆ ಅರ್ಧ ಮಾತ್ರ ಸರಿ. ನಾನು ಚಿಕ್ಕವನಿದ್ದಾಗಿಂದ ಅಪ್ಪ ಅವ್ವನ ಜೊತೆ ತೋಟಕ್ಕೆ ಹೋಗಿದ್ದೇನೆ. ಕೂಲಿ ಎಷ್ಟು ಅಂತ ಕೇಳಿದರೆ ಅಪ್ಪ ಒಂದು ಲೆಕ್ಕ ಹೇಳುತ್ತಿದ್ದ. ಕೈಗೆ ಎಷ್ಟು ಬಂತು ಅಂತ ಕೇಳಿದರೆ ಸುಮ್ಮನಾಗುತ್ತಿದ್ದ.

ಹಣ್ಣು ಕುಯ್ಯುವಾಗ ಕೆಜಿ ಲೆಕ್ಕ. ಸಂಜೆ ಚೀಲ ಹೊತ್ತುಕೊಂಡು ಬಂದು ಸಾಲಾಗಿ ನಿಲ್ಲಬೇಕು. ರೈಟರ್ ತೂಕ ಹಾಕಿ ಪುಸ್ತಕದಲ್ಲಿ ಬರೆಯುತ್ತಾನೆ. ಎಲೆ, ಕಡ್ಡಿ, ಹಸಿ ಕಾಯಿ ಸೇರಿದೆ ಅಂತ ಒಂದಷ್ಟು ಕಳೆಯುತ್ತಾನೆ. ಚೀಲ ಒದ್ದೆ ಇದೆ ಅಂತ ಇನ್ನೊಂದಷ್ಟು. ಅವ್ವನಿಗೆ ಓದಲು ಬರುತ್ತಿರಲಿಲ್ಲ. ಅದಕ್ಕೆ ಸೀರೆ ಸೆರಗಿಗೆ ಗಂಟು ಹಾಕುತ್ತಿದ್ದಳು, ಹತ್ತು ಕೆಜಿಗೆ ಒಂದು ಗಂಟು. ರಾತ್ರಿ ಲೈನ್ ಮನೆಯಲ್ಲಿ ದೀಪದ ಬೆಳಕಿಗೆ ಆ ಗಂಟು ಎಣಿಸಿ ನನ್ನ ನೋಟ್‌ಬುಕ್ಕಿನಲ್ಲಿ ಬರೆಸುತ್ತಿದ್ದಳು. ಹೊರಡುವ ದಿನ, ನಮ್ಮನ್ನು ಕೆಲಸಕ್ಕೆ ಕರೆದೊಯ್ದ ಮೇಸ್ತ್ರಿಯ ಲೆಕ್ಕಕ್ಕೂ ನಮ್ಮ ನೋಟ್‌ಬುಕ್ಕಿಗೂ ಕೂಡುತ್ತಲೇ ಇರಲಿಲ್ಲ. ಮುಂಗಡ ಕಳೆದು, ಅಂಗಡಿ ಬಾಕಿ ಕಳೆದು, ಜೀಪಿನ ಬಾಡಿಗೆ ಕಳೆದು, ಉಳಿದದ್ದು ಕೈಗೆ.

ನೀವು ಕೂಲಿ ಎಷ್ಟು ಅಂತ ಕೇಳಬೇಡಿ ಅಕ್ಕ. ಲೆಕ್ಕ ಯಾರ ಕೈಲಿತ್ತು ಅಂತ ಕೇಳಿ.

ಶಹಾಪುರ ಆಶಾ
ಸೆರಗಿನ ಗಂಟಿನ ಮಾತು ಓದಿ ಕಣ್ಣು ತುಂಬಿತು. ನಮ್ಮ ಅತ್ತೆಯೂ ಹಾಗೇ ಮಾಡುತ್ತಿದ್ದರು.

ಲೆಕ್ಕ ಪತ್ರ
ನಾನು ಇಂಥ ಸಮೀಕ್ಷೆಗಳಲ್ಲಿ ಕೆಲಸ ಮಾಡಿದ್ದೇನೆ. ಒಂದು ಮಾತು ಹೇಳುತ್ತೇನೆ. 'ಯಾವ ಪರಿಣಾಮ ದೊಡ್ಡದು' ಅನ್ನುವ ಪ್ರಶ್ನೆಗೆ ಮುಂಚೆ 'ಯಾರಿಗೆ' ಅನ್ನುವ ಪ್ರಶ್ನೆ ಬರಬೇಕು. ನಾವು ಮನೆಗೆ ಹೋಗಿ ಯಜಮಾನನ ಹತ್ತಿರ ಕೂತು ಫಾರ್ಮ್ ತುಂಬಿಸಿಕೊಂಡು ಅದಕ್ಕೆ 'ಕುಟುಂಬದ ಅಭಿಪ್ರಾಯ' ಅಂತ ಹೆಸರಿಡುತ್ತೇವೆ. ಕುಟುಂಬಕ್ಕೆ ಒಂದೇ ಬಾಯಿ ಇರುವುದಿಲ್ಲ.

ಒಂದು ಸುಲಭದ ದಾರಿ ಇದೆ. ಒಂದೊಂದು ವಿಷಯಕ್ಕೆ ಒಂದೊಂದು ಚಿತ್ರದ ಕಾರ್ಡ್ ಮಾಡಿ. ಪ್ರತಿಯೊಬ್ಬರ ಕೈಗೆ 20 ತೊಗರಿ ಕಾಳು ಕೊಡಿ. ಯಾವುದು ಹೆಚ್ಚು ಕಾಡುತ್ತದೋ ಅದರ ಮೇಲೆ ಹೆಚ್ಚು ಕಾಳು ಇಡಲಿ. ಗಂಡಸರದ್ದು ಬೇರೆ, ಹೆಂಗಸರದ್ದು ಬೇರೆ, ಊರಲ್ಲಿ ಉಳಿದ ಅಜ್ಜಿ ತಾತಂದಿರದ್ದು ಬೇರೆ, 12 ದಾಟಿದ ಮಕ್ಕಳದ್ದು ಬೇರೆ ಮಾಡಿಸಿ. ಓದು ಬರಹ ಬೇಕಿಲ್ಲ. ಆಮೇಲೆ ನಾಲ್ಕನ್ನೂ ಕೂಡಿಸಿ ಸರಾಸರಿ ಮಾತ್ರ ತೆಗೆಯಬೇಡಿ. ಸರಾಸರಿ ತೆಗೆದ ಕ್ಷಣ ಅಜ್ಜಿಯ ಕಾಳು ಮಾಯ ಆಗುತ್ತದೆ.

ಆಳಂದ ಕಾಕಾ
ತೊಗರಿ ಕಾಳು ಬೇಡ, ಹುಣಸೆ ಬೀಜ ಕೊಡಿ. ಈ ವರ್ಷ ನಮ್ಮ ಕಡೆ ನೆಟೆ ರೋಗಕ್ಕೆ ತೊಗರಿ ಹೊಲ ಹೊಲವೇ ಒಣಗಿದೆ. ಹೂ ಬಿಡುವ ಹೊತ್ತಿಗೆ ಗಿಡ ಬಾಡಿತು. ಕಲಬುರಗಿ ತೊಗರಿಗೆ 2019ರಲ್ಲಿ ಜಿಐ (ಭೌಗೋಳಿಕ ಸೂಚಿಕೆ) ಗುರುತು ಸಿಕ್ಕಿತು, ಹೆಸರು ಬಂತು. ಹೆಸರು ಬಂದ ಮೇಲೂ ಬೇರು ಕೊಳೆಯುವುದು ನಿಲ್ಲಲಿಲ್ಲ. ತೊಗರಿ ಕೈಕೊಟ್ಟ ವರ್ಷ ತೋಟಕ್ಕೆ ಹೋಗುವವರು ಜಾಸ್ತಿ, ಇದನ್ನೂ ಬರೆದುಕೊಳ್ಳಿ.

ಸುರಪುರದವಳು
ಕಾಕಾ, ನಮ್ಮ ಕಡೆ ನಾರಾಯಣಪುರ ಕಾಲುವೆ ನೀರು ಬರುವ ಊರಿನವರು ಹೋಗುವುದು ಕಡಿಮೆ. ಕಾಲುವೆ ಕೊನೆಯ ಊರು, ಮಳೆ ನಂಬಿದ ಊರು, ಅಲ್ಲಿಂದಲೇ ಹೋಗುವುದು. ಸಮೀಕ್ಷೆಗೆ ಊರು ಆರಿಸುವಾಗ ಇದನ್ನು ನೋಡಿ.

ಚಿಂಚೋಳಿ ಮಾಸ್ತರ್
ನಾನು ತಾಂಡಾ ಶಾಲೆಯ ಶಿಕ್ಷಕ. ನನ್ನ ಪ್ರಕಾರ ಮಕ್ಕಳ ಶಾಲೆಯೇ ಮೊದಲು. ನವೆಂಬರ್‌ನಲ್ಲಿ ಹಾಜರಿ ಪುಸ್ತಕ ತೆಗೆದರೆ ಅರ್ಧ ತರಗತಿ ಖಾಲಿ. ಕೆಲವರನ್ನು ಅಜ್ಜಿ ಹತ್ತಿರ ಬಿಟ್ಟಿರುತ್ತಾರೆ, ಕೆಲವರನ್ನು ಋತುಮಾನದ ಹಾಸ್ಟೆಲ್‌ಗೆ ಸೇರಿಸುತ್ತೇವೆ. ಹಾಸ್ಟೆಲ್ ತೆರೆಯುವ ಆದೇಶ ತಡವಾಗಿ ಬಂದರೆ ಅಷ್ಟರಲ್ಲಿ ಗಾಡಿ ಹೊರಟಿರುತ್ತದೆ.

ಹೆಚ್ಚು ಕಾಡುವುದು ದೊಡ್ಡ ಹುಡುಗಿಯರ ವಿಷಯ. ಐದನೇ ತರಗತಿಯ ಒಬ್ಬಳು, ಲೆಕ್ಕದಲ್ಲಿ ಇಡೀ ಶಾಲೆಗೆ ಮುಂದು. ಆರು ತಿಂಗಳ ತಮ್ಮನನ್ನು ನೋಡಿಕೊಳ್ಳಲು ತೋಟಕ್ಕೆ ಹೋದಳು. ಅವ್ವ ಗಿಡದ ಸಾಲಿನಲ್ಲಿ, ಇವಳು ಸೀರೆ ಜೋಳಿಗೆ ಕಟ್ಟಿದ ಮರದ ಕೆಳಗೆ. ವಾಪಸ್ ಬಂದಾಗ ಭಾಗಾಕಾರ ಮರೆತಿದ್ದಳು. ಮುಂದಿನ ವರ್ಷವೂ ಹೋದಳು. ಏಳನೇ ತರಗತಿಗೆ ಬರಲೇ ಇಲ್ಲ.

ಶಿಕ್ಷಣ ಹಕ್ಕು ಕಾಯ್ದೆ 2009ರ ಪ್ರಕಾರ 6ರಿಂದ 14 ವರ್ಷದ ಮಗುವಿಗೆ ವರ್ಷದ ನಡುವೆ ಬಂದರೂ ಪ್ರವೇಶ ಇಲ್ಲ ಅನ್ನುವಂತಿಲ್ಲ. ತೋಟದ ಹತ್ತಿರದ ಸರ್ಕಾರಿ ಶಾಲೆ ಸೇರಿಸಿಕೊಳ್ಳಲೇಬೇಕು. ಶಾಲೆ ಎಲ್ಲಿದೆ, ಕಾಡು ದಾರಿಯಲ್ಲಿ ಯಾರು ಕರೆದುಕೊಂಡು ಹೋಗುತ್ತಾರೆ, ಇದಕ್ಕೆ ಉತ್ತರ ಇಲ್ಲ.

ತೋಟದ ರೈಟರ್
ನನ್ನ ಊರು ಜೇವರ್ಗಿ ತಾಲ್ಲೂಕು. ಈಗ ಸಕಲೇಶಪುರದ ಹತ್ತಿರ ಒಂದು ತೋಟದಲ್ಲಿ ರೈಟರ್ ಆಗಿದ್ದೇನೆ. ಎಲ್ಲ ರೈಟರ್‌ಗಳೂ ತೂಕದಲ್ಲಿ ಮೋಸ ಮಾಡುತ್ತಾರೆ ಅನ್ನುವ ಹಾಗೆ ಮಾತಾಡಬೇಡಿ ತಾಂಡಾದ ಮಗನವರೇ, ಬೇಜಾರಾಗುತ್ತದೆ. ನಮ್ಮಲ್ಲಿ ಎಲೆಕ್ಟ್ರಾನಿಕ್ ತಕ್ಕಡಿ ಇದೆ, ಅಂಕಿ ಎಲ್ಲರಿಗೂ ಕಾಣುತ್ತದೆ.

ತೊಂದರೆ ಇರುವುದು ನಡುವಿನ ಮೇಸ್ತ್ರಿ ಹತ್ತಿರ. ಮಾಲೀಕರು ಮೇಸ್ತ್ರಿಗೆ ದುಡ್ಡು ಕೊಡುತ್ತಾರೆ, ಮೇಸ್ತ್ರಿ ಊರಲ್ಲಿ ಹಂಚುತ್ತಾನೆ. ಅವನು ಎಷ್ಟು ಹಿಡಿದುಕೊಂಡ, ಎಷ್ಟು ಬಡ್ಡಿ ಹಾಕಿದ, ತೋಟದವರಿಗೆ ಗೊತ್ತಾಗುವುದಿಲ್ಲ. ಮುಂಗಡ ತೆಗೆದುಕೊಂಡು ಬಾರದೇ ಇದ್ದ ಗ್ಯಾಂಗ್‌ಗಳೂ ಇವೆ. ಆ ವರ್ಷ ಹಣ್ಣು ಗಿಡದಲ್ಲೇ ಒಣಗಿ ನೆಲಕ್ಕೆ ಬಿತ್ತು. ಸಣ್ಣ ಬೆಳೆಗಾರರ ಮನೆಯಲ್ಲೂ ಅಳು ಇದೆ.

ತಾಂಡಾದ ಮಗ
ಸರ್, ನಿಮ್ಮ ತೋಟದಲ್ಲಿ ಹಾಗಿಲ್ಲ ಅಂದರೆ ಸಂತೋಷ. ಆದರೆ ಮೇಸ್ತ್ರಿಯನ್ನು ಇಟ್ಟವರು ಯಾರು? ಲೆಕ್ಕ ಗೊತ್ತಿಲ್ಲ ಅಂದರೆ ಕೇಳಿಲ್ಲ ಅಂತಲೇ ಅರ್ಥ. 2024ರಲ್ಲಿ ರೊಬಸ್ಟಾ ದರ ಎಂದೂ ಕಾಣದಷ್ಟು ಏರಿತಲ್ಲ, ಕುಯ್ಯುವವರ ಕೆಜಿ ದರ ಆ ಲೆಕ್ಕದಲ್ಲಿ ಏರಿತಾ?

ತೋಟದ ರೈಟರ್
ಏರಿತು, ಆದರೆ ಆ ಲೆಕ್ಕದಲ್ಲಿ ಏರಲಿಲ್ಲ. ಒಪ್ಪುತ್ತೇನೆ.

ಹುಮನಾಬಾದ್ ವಕೀಲ
ಕಾನೂನಿನ ಮಾತು ಯಾರೂ ಎತ್ತಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಪ್ಲಾಂಟೇಶನ್ ಕಾರ್ಮಿಕರ ಕಾಯ್ದೆ 1951ರದ್ದು. ಚಹಾ, ಕಾಫಿ, ರಬ್ಬರ್, ಸಿಂಕೋನಾ, ಏಲಕ್ಕಿ ತೋಟಗಳಿಗೆ ಅನ್ವಯ ಆಗುತ್ತಿತ್ತು. ತೋಟ 5 ಹೆಕ್ಟೇರ್ ಇರಬೇಕಿತ್ತು, 15 ಜನ ಕಾರ್ಮಿಕರು ಇರಬೇಕಿತ್ತು. ಕುಡಿಯುವ ನೀರು, ಶೌಚಾಲಯ, ವೈದ್ಯರ ನೆರವು, ವಸತಿ ಮಾಲೀಕರ ಹೊಣೆಯಾಗಿತ್ತು. 50 ಹೆಂಗಸರು ದುಡಿಯುತ್ತಿದ್ದರೆ ಅಥವಾ ಅವರ ಮಕ್ಕಳು 20 ಇದ್ದರೆ ಶಿಶುಮನೆ ಬೇಕಿತ್ತು. 6ರಿಂದ 12 ವಯಸ್ಸಿನ ಮಕ್ಕಳು 25 ದಾಟಿದರೆ ಶಾಲೆಯ ವ್ಯವಸ್ಥೆ ಮಾಡಿ ಅಂತ ಸರ್ಕಾರ ಹೇಳಬಹುದಿತ್ತು. ಈ ಕಾಯ್ದೆಯನ್ನು 2020ರ ಔದ್ಯೋಗಿಕ ಸುರಕ್ಷತೆ ಸಂಹಿತೆಯೊಳಗೆ ಸೇರಿಸಿದರು. ಆ ಸಂಹಿತೆ 2025ರ ನವೆಂಬರ್‌ನಲ್ಲಿ ಜಾರಿಗೆ ಬಂತು.

ಈಗ ಮಾಸ್ತರ್ ಹೇಳಿದ ಹುಡುಗಿಯ ಕಥೆಗೆ ಬನ್ನಿ. ನಮ್ಮ ರಾಜ್ಯದ ಕಾಫಿ ಹಿಡುವಳಿಗಳಲ್ಲಿ ಬಹುಪಾಲು ಸಣ್ಣವು. ಎಷ್ಟೋ ತೋಟ 5 ಹೆಕ್ಟೇರ್ ಮುಟ್ಟುವುದೇ ಇಲ್ಲ. ಅಂಥ ತೋಟದಲ್ಲಿ ಶಿಶುಮನೆ ಕೇಳಲು ಈ ಕಾನೂನು ಕೈಗೆ ಬರುತ್ತಿರಲಿಲ್ಲ. ಆ ಹುಡುಗಿ ಮರದ ಕೆಳಗೆ ಕೂತದ್ದಕ್ಕೆ ಒಂದು ಕಾರಣ ಇದು.

ಇನ್ನೊಂದು ವಿಷಯ. ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ 1979ರಲ್ಲಿ ಬಂತು. ಸೇಡಂನಿಂದ ಕೊಡಗಿಗೆ ಹೋದವರಿಗೆ ಅದು ಸಿಗುತ್ತಿರಲಿಲ್ಲ, ಯಾಕೆಂದರೆ ರಾಜ್ಯದ ಗಡಿ ದಾಟಿಲ್ಲ. ಔರಾದ್‌ನಿಂದ ಪಕ್ಕದ ಮಹಾರಾಷ್ಟ್ರಕ್ಕೆ ಹೋದವರು ಅದರ ಒಳಗೆ ಬರುತ್ತಿದ್ದರು. ಕಲಬುರಗಿಯಿಂದ ಕೊಡಗು ಎಷ್ಟು ದೂರ, ಔರಾದ್‌ನಿಂದ ಉದ್ಗೀರ್ ಎಷ್ಟು ದೂರ, ನೀವೇ ನೋಡಿ.

ಬೀದರ್ ಕಬ್ಬಿನ ಸೀಮೆ
ವಕೀಲರೇ, ಔರಾದ್, ಭಾಲ್ಕಿ, ಕಮಲನಗರದ ಮಾತು ಬಂತು, ಹೇಳಿಯೇ ಬಿಡುತ್ತೇನೆ. ನಮ್ಮವರು ಹೋಗುವುದು ಕಬ್ಬು ಕಡಿಯಲು. ಗಂಡ ಹೆಂಡತಿ ಸೇರಿ ಒಂದು ಕೋಯ್ತಾ ಅಂತ ಲೆಕ್ಕ. ಒಬ್ಬರು ಜ್ವರ ಬಂದು ಮಲಗಿದರೆ ಇಬ್ಬರ ಕೂಲಿಯೂ ಹೋಯಿತು, ಮೇಲೆ ದಂಡ ಹಾಕುವ ಮುಕಾದಮರೂ (ಕಬ್ಬಿನ ಕೂಲಿಯವರ ಮೇಸ್ತ್ರಿಗಳು) ಇದ್ದಾರೆ. ಕಬ್ಬು ನೀವು ಹೇಳಿದ ತೋಟಗಳ ಪಟ್ಟಿಯಲ್ಲಿಲ್ಲ. ಹಾಗಂತ ಈ ಮನೆಗಳನ್ನು ಸಮೀಕ್ಷೆಯಿಂದ ಹೊರಗಿಡಬೇಡಿ.

2019ರಲ್ಲಿ ಬೀಡ್ ಜಿಲ್ಲೆಯ ಕಬ್ಬು ಕಡಿಯುವ ಹೆಂಗಸರ ಗರ್ಭಕೋಶ ತೆಗೆಸಿದ ಸುದ್ದಿ ದೇಶಕ್ಕೆಲ್ಲ ಗೊತ್ತಾಯಿತು. ಮುಟ್ಟಿನ ದಿನ ರಜೆ ಹಾಕಿದರೆ ಕೂಲಿ ಹೋಗುತ್ತದೆ, ಅದಕ್ಕೆ ಚೀಲವನ್ನೇ ತೆಗೆಸಿಬಿಡೋಣ ಅನ್ನುವ ಮಟ್ಟಕ್ಕೆ ಬಂದಿತ್ತು. ಕೂಲಿ ಮೊದಲು, ಆರೋಗ್ಯ ಆಮೇಲೆ ಅಂತ ಬೇರೆ ಬೇರೆ ಕಾಲಂ ಹಾಕುತ್ತೀರಲ್ಲ, ಈ ಹೆಂಗಸನ್ನು ಯಾವ ಕಾಲಂನಲ್ಲಿ ಬರೆಯುತ್ತೀರಿ?

ಶಹಾಪುರ ಆಶಾ
ಇದನ್ನೇ ಹೇಳಲು ಬಂದೆ ಅಣ್ಣಾ. ನಾನು ಆಶಾ ಕಾರ್ಯಕರ್ತೆ. ಹೆಂಗಸರ ಆರೋಗ್ಯ ಅಂತ ಒಂದು ಪ್ರಶ್ನೆ ಬರೆದು ಮುಗಿಸಬೇಡಿ. ಹಾಗೆ ಕೇಳಿದರೆ ಎಲ್ಲರೂ 'ಚೆನ್ನಾಗಿದ್ದೀವಿ' ಅನ್ನುತ್ತಾರೆ.

ಬಿಳಿ ಮುಟ್ಟು, ಸೊಂಟ ನೋವು, ಉರಿ ಮೂತ್ರ ಇವುಗಳ ಬಗ್ಗೆ ಹೆಂಗಸೇ ಕೂತು, ಗಂಡಸರು ಇಲ್ಲದಾಗ ಕೇಳಬೇಕು. ಲೈನ್ ಮನೆ ಹತ್ತಿರ ಶೌಚಾಲಯ ದೂರ ಇದ್ದರೆ, ಕತ್ತಲಲ್ಲಿ ಹೋಗಲು ಆನೆ ಭಯ ಇದ್ದರೆ, ನೀರು ಕುಡಿಯುವುದನ್ನೇ ಬಿಡುತ್ತಾರೆ. ಬೆಳಿಗ್ಗೆ ಒಂದು ಲೋಟ, ರಾತ್ರಿ ಒಂದು ಲೋಟ. ಊರಿಗೆ ಬಂದ ಮೇಲೆ ನನ್ನ ಹತ್ತಿರ ಉರಿ ಮೂತ್ರ ಅಂತ ಬರುತ್ತಾರೆ. ಈಗ ಹೇಳಿ, ಇದು ಆನೆಯ ಪ್ರಶ್ನೆಯಾ, ಶೌಚಾಲಯದ್ದಾ, ಆರೋಗ್ಯದ್ದಾ?

ಬಸುರಿಯರದ್ದು ಇನ್ನೊಂದು ಕಥೆ. ತಾಯಿ ಕಾರ್ಡ್ ನನ್ನ ಹತ್ತಿರ ಮಾಡಿಸಿರುತ್ತಾರೆ, ಎಂಟನೇ ತಿಂಗಳಿಗೆ ಎಲ್ಲಿರುತ್ತಾರೋ ಗೊತ್ತಿಲ್ಲ. ನಾನು ಫೋನ್ ಮಾಡುತ್ತೇನೆ, ಅಲ್ಲಿ ಸಿಗ್ನಲ್ ಇರುವುದಿಲ್ಲ. ಟಿಬಿ ಮಾತ್ರೆ ಆರು ತಿಂಗಳು ಬಿಡದೆ ನುಂಗಬೇಕು. ಟಿಬಿ ರೋಗಿಗಳ ಸರ್ಕಾರಿ ದಾಖಲೆ ನಿಕ್ಷಯ್‌ನಲ್ಲಿ ಹೆಸರಿದ್ದರೆ ಬೇರೆ ಜಿಲ್ಲೆಗೆ ವರ್ಗ ಮಾಡಿಸಿ ಅಲ್ಲೇ ಮಾತ್ರೆ ತೆಗೆದುಕೊಳ್ಳಬಹುದು. 2024ರ ನವೆಂಬರ್‌ನಿಂದ ತಿಂಗಳಿಗೆ 1000 ರೂಪಾಯಿ ಪೌಷ್ಟಿಕ ಆಹಾರದ ಹಣವೂ ಇದೆ. ಇದು ಗೊತ್ತಿಲ್ಲದೆ ಮಾತ್ರೆ ಬಿಟ್ಟವರನ್ನು ನೋಡಿದ್ದೇನೆ. ಕೆಮ್ಮುತ್ತಾ ಹಣ್ಣು ಕುಯ್ಯುತ್ತಾರೆ, ಪಕ್ಕದ ಕೋಣೆಯವರಿಗೂ ಹಬ್ಬುತ್ತದೆ.

ಕಮಲಾಪುರ ಬಾಳೆ
ಬಸವ ಎಕ್ಸ್‌ಪ್ರೆಸ್‌ನ ಜನರಲ್ ಬೋಗಿಯಲ್ಲಿ ಒಮ್ಮೆ ಹೋಗಿ ನೋಡಿ. ಕಲಬುರಗಿಯಿಂದ ಮೈಸೂರಿನವರೆಗೆ ಮಕ್ಕಳು ಶೌಚಾಲಯದ ಬಾಗಿಲ ಹತ್ತಿರ ಮಲಗಿರುತ್ತವೆ. ಪ್ರಯಾಣವೂ ನಿಮ್ಮ ಪಟ್ಟಿಯಲ್ಲಿ ಇರಲಿ.

ಸುರಪುರದವಳು
2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರು ಬಸ್ಸಿನಲ್ಲೇ ಹೋಗಿ ಬರುತ್ತಿದ್ದಾರೆ. ಮೊದಲು ಊರಲ್ಲಿ ಯಾರಾದರೂ ತೀರಿಕೊಂಡರೂ ಬಸ್ ಚಾರ್ಜ್ ಇಲ್ಲದೆ ಬರಲು ಆಗುತ್ತಿರಲಿಲ್ಲ. ಈಗ ನಡುವೆ ಒಮ್ಮೆ ಬಂದು ಮಕ್ಕಳ ಮುಖ ನೋಡಿಕೊಂಡು ಹೋಗುವ ತಾಯಂದಿರು ಇದ್ದಾರೆ. ಒಳ್ಳೆಯ ಪರಿಣಾಮಗಳನ್ನೂ ಕೇಳಿ ಅಕ್ಕ. ತೋಟದ ದುಡ್ಡಲ್ಲಿ ಪತ್ರಾಸ್ (ತಗಡು) ಹಾಕಿಸಿದ ಮನೆ ಇದೆ, ಮಗಳನ್ನು ನರ್ಸಿಂಗ್ ಓದಿಸಿದ ಮನೆ ಇದೆ. ಬರೀ ಗೋಳು ಬರೆದರೆ ಅವರಿಗೆ ಅವಮಾನ ಆಗುತ್ತದೆ.

ಜೋಳದ ರೊಟ್ಟಿ
ಊಟದ ಬಗ್ಗೆ ಯಾರೂ ಹೇಳಿಲ್ಲ. ಅಲ್ಲಿ ಎಲ್ಲಿ ಹೋದರೂ ಅನ್ನ. ನಮ್ಮ ಜನಕ್ಕೆ ರೊಟ್ಟಿ ಇಲ್ಲದೆ ಹೊಟ್ಟೆ ತುಂಬುವುದಿಲ್ಲ. ಜೋಳದ ಹಿಟ್ಟಿನ ಚೀಲ ಹೊತ್ತುಕೊಂಡೇ ಹೋಗುತ್ತಾರೆ. ಮಲೆನಾಡಿನ ತೇವಕ್ಕೆ ತಿಂಗಳಲ್ಲಿ ಹಿಟ್ಟು ಮುಗ್ಗಲು ಹಿಡಿಯುತ್ತದೆ.

ತಾಂಡಾದ ಮಗ
ನಿಜ ಸರ್. ಕಡಕ್ ರೊಟ್ಟಿ ಮಾಡಿ ಬಟ್ಟೆಯಲ್ಲಿ ಸುತ್ತಿ ತೆಗೆದುಕೊಂಡು ಹೋಗುತ್ತಿದ್ದೆವು, ಅದೂ ಮೆತ್ತಗಾಗುತ್ತಿತ್ತು. ಹಸಿ ಕಟ್ಟಿಗೆ ಹೊಗೆಯಲ್ಲಿ ರೊಟ್ಟಿ ಬಡಿಯುವ ಅವ್ವನ ಕೆಮ್ಮು ಈಗಲೂ ಇದೆ.

ಸೇಡಂ ಓದುಗಿ
ಎಲ್ಲರಿಗೂ ಧನ್ಯವಾದ. ಇಷ್ಟು ವಿಷಯ ಸಿಗುತ್ತದೆ ಅಂದುಕೊಂಡಿರಲಿಲ್ಲ. ಈಗ ಕೆಲಸ ಇನ್ನೂ ಕಷ್ಟ ಆಗಿದೆ. ಒಂದಕ್ಕೊಂದು ಹೆಣೆದುಕೊಂಡಿದೆ. ಲೆಕ್ಕ ಪತ್ರ ಅವರೇ, ಕಾಳು ಇಡಿಸಿದರೆ ಇದು ಬಿಡಿಸುತ್ತದಾ?

ಲೆಕ್ಕ ಪತ್ರ
ಪೂರ್ತಿ ಬಿಡಿಸುವುದಿಲ್ಲ. ಅದಕ್ಕೆ ಕಾಳಿನ ಜೊತೆ ಇನ್ನೊಂದು ಅಳತೆ ಇಡಿ. 2011ರಲ್ಲಿ ವಿಶ್ವಸಂಸ್ಥೆ ಒಪ್ಪಿದ ವ್ಯಾಪಾರ ಮತ್ತು ಮಾನವ ಹಕ್ಕುಗಳ ಮಾರ್ಗಸೂಚಿಯಲ್ಲಿ ಹಾನಿಯ ತೀವ್ರತೆ ಅಳೆಯಲು ಮೂರು ಮಾತು ಇವೆ. ಪೆಟ್ಟು ಎಷ್ಟು ಜೋರು, ಎಷ್ಟು ಜನಕ್ಕೆ ಬಿತ್ತು, ಮತ್ತೆ ಸರಿಪಡಿಸಲು ಆಗುತ್ತದಾ.

ಮೂರನೆಯದನ್ನು ಹಿಡಿದು ಈ ಚರ್ಚೆ ಮತ್ತೆ ಓದಿ. ಕಡಿಮೆ ಬಿದ್ದ ಕೂಲಿಯನ್ನು ಮುಂದಿನ ವರ್ಷ ಕೇಳಿ ಪಡೆಯಬಹುದು. ಸೋರುವ ಲೈನ್ ಮನೆಗೆ ಹೆಂಚು ಹಾಕಿಸಬಹುದು. ಗರ್ಭಕೋಶ ವಾಪಸ್ ಬರುವುದಿಲ್ಲ. ಐದನೇ ತರಗತಿಯ ಹುಡುಗಿಯ ಆ ಎರಡು ವರ್ಷ ವಾಪಸ್ ಬರುವುದಿಲ್ಲ. ಕಾಳು ಇಡುವಾಗ ಗಂಡಸರು ಕೂಲಿಗೇ ಹೆಚ್ಚು ಇಡುತ್ತಾರೆ, ಇಡಲಿ, ಅದು ಅವರ ಮಾತು. ಸರಿಪಡಿಸಲಾಗದ್ದು ಯಾವುದು ಅನ್ನುವ ಪಟ್ಟಿಯನ್ನು ನೀವು ಬೇರೆ ಮಾಡಿ. ಎರಡನ್ನೂ ಪಕ್ಕ ಪಕ್ಕ ಇಟ್ಟು ಊರವರ ಮುಂದೆಯೇ ಓದಿ ಹೇಳಿ. ಎರಡೂ ಕೂಡದ ಜಾಗದಲ್ಲೇ ಮಾತು ಹುಟ್ಟುತ್ತದೆ.

ಆಳಂದ ಕಾಕಾ
ಒಪ್ಪುವುದಿಲ್ಲ. ನೀವು ಓದಿದವರು ಬಂದು 'ನಿನಗೆ ಕೂಲಿ ಮುಖ್ಯ ಅನಿಸುತ್ತದೆ, ಆದರೆ ನಿಜವಾಗಿ ಮುಖ್ಯವಾದದ್ದು ಇದು' ಅಂತ ಹೇಳಿದರೆ ಕೂಲಿಯವನಿಗೆ ಹೇಗನಿಸುತ್ತದೆ? ಕೂಲಿ ಸರಿ ಸಿಕ್ಕಿದ್ದರೆ ಆ ಹುಡುಗಿ ಹೋಗುತ್ತಲೇ ಇರಲಿಲ್ಲ. ತಾಯಿಗೆ ಮುಟ್ಟಿನ ದಿನ ರಜೆ ಹಾಕಲು ಧೈರ್ಯ ಬರುತ್ತಿತ್ತು. ಎಲ್ಲ ಪೆಟ್ಟೂ ಅಲ್ಲಿಂದಲೇ ಬರುವುದು. ಬೇರು ಬಿಟ್ಟು ಎಲೆ ಎಣಿಸಬೇಡಿ.

ಬೀದರ್ ಕಬ್ಬಿನ ಸೀಮೆ
ಕಾಕಾ, ಬೇರು ಕೂಲಿ ಅಲ್ಲ, ಮುಂಗಡ. ಮಳೆಗಾಲದಲ್ಲಿ ಮದುವೆಗೋ ಆಸ್ಪತ್ರೆಗೋ ಅಂತ ಮುಕಾದಮನಿಂದ ದುಡ್ಡು ಎತ್ತುತ್ತಾರೆ. ಅವತ್ತೇ ಮುಂದಿನ ಆರು ತಿಂಗಳು ಮಾರಿದ ಹಾಗೆ. ಆಮೇಲೆ ದರ ಎಷ್ಟು ಅಂತ ಕೇಳುವ ಬಾಯಿ ಇರುವುದಿಲ್ಲ. ಸೀಸನ್ ಮುಗಿದಾಗ ಸಾಲ ಉಳಿದರೆ ಮುಂದಿನ ವರ್ಷಕ್ಕೆ ಹೊತ್ತುಕೊಂಡು ಹೋಗುತ್ತದೆ. ಕೂಲಿ ಹೆಚ್ಚಿಸಿದರೂ ಮುಂಗಡದ ಲೆಕ್ಕ ಅವನ ಪುಸ್ತಕದಲ್ಲೇ ಇದ್ದರೆ ಏನು ಬಂತು?

ಹುಮನಾಬಾದ್ ವಕೀಲ
ಇದಕ್ಕೆ ಒಂದು ಮಾತು ಸೇರಿಸುತ್ತೇನೆ. ಮುಂಗಡ ಕೊಟ್ಟಿದ್ದೇನೆ ಅಂತ ಕೆಲಸ ಬಿಟ್ಟು ಹೋಗದಂತೆ ತಡೆದರೆ ಅದು 1976ರ ಜೀತ ಪದ್ಧತಿ ನಿರ್ಮೂಲನಾ ಕಾಯ್ದೆಯ ಒಳಗೆ ಬರುತ್ತದೆ. ಆ ಸಾಲ ತೀರಿಸುವ ಹೊಣೆಯೇ ಇರುವುದಿಲ್ಲ. ದೂರು ಕೊಡುವುದು ತಹಶೀಲ್ದಾರ್, ಉಪವಿಭಾಗಾಧಿಕಾರಿ, ಜಿಲ್ಲಾಧಿಕಾರಿ ಹತ್ತಿರ. ಸಮೀಕ್ಷೆಯಲ್ಲಿ 'ಜೀತ' ಅನ್ನುವ ಪದ ಬಳಸಬೇಡಿ, ಯಾರೂ ಒಪ್ಪಿಕೊಳ್ಳುವುದಿಲ್ಲ. 'ನಡುವೆ ಬಿಟ್ಟು ಬರಬಹುದಿತ್ತಾ? ಬಂದಿದ್ದರೆ ಏನಾಗುತ್ತಿತ್ತು?' ಅಂತ ಕೇಳಿ. ಉತ್ತರ ಸಿಗುತ್ತದೆ.

ಶಹಾಪುರ ಆಶಾ
ವಕೀಲರ ಪ್ರಶ್ನೆ ಬಹಳ ಚೆನ್ನಾಗಿದೆ.

ಯಾದಗಿರಿ ಅಂಚೆ
ಊರಲ್ಲಿ ಉಳಿದ ಮುದುಕರ ಬಗ್ಗೆ ನಾನು ಬರೆಯುತ್ತೇನೆ. ನಾನು ಹಳ್ಳಿ ಹಳ್ಳಿಗೆ ಪಿಂಚಣಿ ಹಣ ಕೊಡಲು ಹೋಗುತ್ತೇನೆ. ಡಿಸೆಂಬರ್, ಜನವರಿಯಲ್ಲಿ ಕೆಲವು ತಾಂಡಾಗಳಲ್ಲಿ ಬಾಗಿಲಿಗೆ ಬೀಗ, ಇಲ್ಲ ಅಂದರೆ ಅಜ್ಜಿ. ಒಬ್ಬ ಅಜ್ಜಿ ಹತ್ತಿರ ಮೂರು ಮೊಮ್ಮಕ್ಕಳು. ದುಡಿದು ದುಡಿದು ಬೆರಳಿನ ಗೆರೆ ಸವೆದಿದೆ, ಯಂತ್ರ ಹೆಬ್ಬೆಟ್ಟು ತೆಗೆದುಕೊಳ್ಳುವುದಿಲ್ಲ. ರೇಷನ್ ಅಂಗಡಿಯಲ್ಲೂ ಅದೇ ಕಥೆ. ಮಗ ಸೊಸೆ ಬೆರಳು ಕೊಡಬಹುದು, ಅವರು ಕೊಡಗಿನಲ್ಲಿದ್ದಾರೆ. ಅವರು ಅಲ್ಲಿನ ಅಂಗಡಿಯಲ್ಲೇ ಅಕ್ಕಿ ಎತ್ತಬಹುದು, ವ್ಯವಸ್ಥೆ ಇದೆ. ಅಲ್ಲಿ ಪೂರ್ತಿ ಎತ್ತಿದರೆ ಇಲ್ಲಿ ಅಜ್ಜಿಗೆ ಸಿಗುವುದಿಲ್ಲ. ಒಂದೇ ಕಾರ್ಡ್, ಎರಡು ಒಲೆ.

ಆ ಅಜ್ಜಿ ಒಮ್ಮೆ ನನ್ನ ಹತ್ತಿರ ಕೇಳಿದ್ದು ದುಡ್ಡಲ್ಲ. ದೊಡ್ಡ ಮೊಮ್ಮಗಳಿಗೆ 14 ಆಗಿದೆ, ರಾತ್ರಿ ಹೊತ್ತು ಭಯ ಆಗುತ್ತದೆ, ಮಗನಿಗೆ ಫೋನ್ ಹಚ್ಚಿಕೊಡು ಅಂದರು. ಮುಂದಿನ ವರ್ಷ ತೋಟಕ್ಕೆ ಹೊರಡುವ ಮುಂಚೆ ಅವಳ ಮದುವೆ ಮಾಡಿಬಿಟ್ಟರು. ಬಾಲ್ಯವಿವಾಹ ತಪ್ಪು ಅಂತ ಅವರಿಗೂ ಗೊತ್ತು. ಕಾಯುವವರಿಲ್ಲ, ಅದೇ ಕಾರಣ. ನಿಮ್ಮ ಪಟ್ಟಿಯಲ್ಲಿ ಈ ಭಯಕ್ಕೆ ಜಾಗ ಇದೆಯಾ?

ಚಿಂಚೋಳಿ ಮಾಸ್ತರ್
ನೂರಕ್ಕೆ ನೂರು ನಿಜ. ನವೆಂಬರ್‌ಗೆ ಮುಂಚಿನ ಮದುವೆಗಳನ್ನು ನಾನೂ ನೋಡಿದ್ದೇನೆ. ಹಾಸ್ಟೆಲ್ ಸೀಟು ಸಿಕ್ಕಿದ ಹುಡುಗಿಯ ಮದುವೆ ನಿಂತದ್ದನ್ನೂ ನೋಡಿದ್ದೇನೆ.

ಲೆಕ್ಕ ಪತ್ರ
ಭಯಕ್ಕೆ ಜಾಗ ಇರಲೇಬೇಕು. 2003ರಲ್ಲಿ ಫ್ರಾಂಕ್ ವ್ಯಾಂಕ್ಲೇ ಬರೆದ ಸಾಮಾಜಿಕ ಪರಿಣಾಮ ಅಧ್ಯಯನದ ಅಂತರರಾಷ್ಟ್ರೀಯ ತತ್ವಗಳಲ್ಲಿ ಜನರ ಭಯ ಮತ್ತು ಆಸೆಗಳನ್ನೂ ಪರಿಣಾಮ ಅಂತಲೇ ಎಣಿಸಿದ್ದಾರೆ. ಕಾಕಾ, ನಿಮ್ಮ ಮಾತಿಗೂ ಉತ್ತರ ಕೊಡುತ್ತೇನೆ. ಜನರ ಮಾತನ್ನು ತಿದ್ದಿ ಅಂತ ನಾನು ಹೇಳುತ್ತಿಲ್ಲ. ಅಜ್ಜಿಯೂ ಜನವೇ, 14ರ ಹುಡುಗಿಯೂ ಜನವೇ. ಅವರ ಕಾಳೂ ಬೀಳಲಿ.

ಆಳಂದ ಕಾಕಾ
ಹಾಗಾದರೆ ಸರಿ. ಆದರೂ ಕೂಲಿಯ ಪ್ರಶ್ನೆ ಮೊದಲು ಬರಲಿ. ಅದನ್ನು ಕೇಳದೆ ಬೇರೆ ಕೇಳಿದರೆ ಜನ ಎದ್ದು ಹೋಗುತ್ತಾರೆ. ನರೇಗಾದಲ್ಲಿ 2025-26ರಲ್ಲಿ ದಿನಕ್ಕೆ 370 ರೂಪಾಯಿ ಇತ್ತು. ನಮ್ಮ ಪಂಚಾಯಿತಿಯಲ್ಲಿ ಹೊತ್ತಿಗೆ ಸರಿಯಾಗಿ ಕೆಲಸ, ಹೊತ್ತಿಗೆ ಸರಿಯಾಗಿ ದುಡ್ಡು ಬಂದಿದ್ದರೆ ಎಷ್ಟೋ ಮನೆ ಉಳಿಯುತ್ತಿದ್ದವು. ಊರಲ್ಲಿ ಎಷ್ಟು ಸಿಕ್ಕರೆ ಹೋಗುವುದಿಲ್ಲ ಅಂತಲೂ ಕೇಳಿ.

ಸುರಪುರದವಳು
ಸಣ್ಣ ಮಕ್ಕಳನ್ನು ಬಿಡಲು ಪಂಚಾಯಿತಿಯ ಕೂಸಿನ ಮನೆ ಇದ್ದರೆ ಸೊಸೆಯಂದಿರು ಊರಲ್ಲೇ ಉದ್ಯೋಗ ಖಾತರಿ ಕೆಲಸಕ್ಕೆ ಹೋಗುತ್ತಾರೆ. ನಮ್ಮ ಊರಲ್ಲಿ ಇದೆ, ಪಕ್ಕದ ಊರಲ್ಲಿ ಹೆಸರಿಗೆ ಮಾತ್ರ ಇದೆ.

ಸೇಡಂ ಓದುಗಿ
ಇಲ್ಲಿಯವರೆಗೆ ನಾನು ಅಂದುಕೊಂಡದ್ದು ಇದು. ಕೂಲಿ ಮತ್ತು ಮುಂಗಡ ಒಂದೇ ಭಾಗ, ಲೆಕ್ಕ ಯಾರ ಕೈಲಿ ಅನ್ನುವುದರಿಂದ ಶುರು, ಬಿಟ್ಟು ಬರಬಹುದಿತ್ತಾ ಅನ್ನುವುದರಲ್ಲಿ ಮುಕ್ತಾಯ. ಹೆಂಗಸರ ಆರೋಗ್ಯ, ನೀರು, ಶೌಚಾಲಯ ಒಟ್ಟಿಗೆ, ಹೆಂಗಸರ ಗುಂಪಿನಲ್ಲಿ ಮಾತ್ರ. ಮಕ್ಕಳು ಮತ್ತು ಊರಲ್ಲಿ ಉಳಿದವರು ಇನ್ನೊಂದು ಭಾಗ. ಇವಿಷ್ಟಕ್ಕೆ ಹುಣಸೆ ಬೀಜ. ಓಟು, ಜಾತಿಯ ಮಾತು, ಪ್ರಯಾಣ ಬಿಡಬೇಕಾಗುತ್ತದೆ ಅನಿಸುತ್ತದೆ.

ತಾಂಡಾದ ಮಗ
ಜಾತಿಯ ಮಾತು ಬಿಡಬೇಡಿ ಅಕ್ಕ, ಕೈ ಮುಗಿದು ಕೇಳುತ್ತೇನೆ. ಅದಕ್ಕೆ ಕಾರ್ಡ್ ಮಾಡಬೇಡಿ, ಪ್ರಶ್ನೆಯನ್ನೂ ಮಾಡಬೇಡಿ. ಅಲ್ಲಿ ನಿಮಗೆ ನೀರು ಹೇಗೆ ಕೊಡುತ್ತಿದ್ದರು, ಲೋಟ ಯಾವುದು, ಲೈನ್ ಮನೆಯಲ್ಲಿ ಯಾರ ಕೋಣೆ ಎಲ್ಲಿ ಅಂತ ಮಾತಿನ ನಡುವೆ ಕೇಳಿ. ಅಪ್ಪ ಕೂಲಿ ಕಡಿಮೆ ಬಿದ್ದದ್ದನ್ನು ಒಂದು ವಾರಕ್ಕೆ ಮರೆಯುತ್ತಿದ್ದ. ಬೇರೆ ಲೋಟದಲ್ಲಿ ಕಾಫಿ ಕೊಟ್ಟದ್ದನ್ನು ಈಗಲೂ ಹೇಳುತ್ತಾನೆ. ತಾನೇ ಕುಯ್ದ ಹಣ್ಣಿನ ಕಾಫಿ.

ತೋಟದ ರೈಟರ್
ಅಂಥ ತೋಟಗಳು ಇನ್ನೂ ಇವೆ. ಸುಳ್ಳು ಹೇಳುವುದಿಲ್ಲ. ಇದನ್ನು ಕೇಳಲೇಬೇಕು.

ಇನ್ನೊಂದು, ಈಗ ನಮ್ಮ ಕಡೆ ಅಸ್ಸಾಮಿನಿಂದ ಬರುವವರು ಜಾಸ್ತಿ. ಅವರು ಕಡಿಮೆಗೆ ಬರುತ್ತಾರೆ ಅಂತ ನಮ್ಮ ಊರಿನವರನ್ನು ಹೆದರಿಸುವ ಮೇಸ್ತ್ರಿಗಳನ್ನು ನೋಡಿದ್ದೇನೆ. ಮುಂದಿನ ವರ್ಷ ಕರೆಯುತ್ತಾರೋ ಇಲ್ಲವೋ ಅನ್ನುವ ಆತಂಕ ನಮ್ಮವರಲ್ಲಿದೆ. ನೀವು ತೋಟಕ್ಕೂ ಬಂದು ನೋಡುವುದಾದರೆ ನಮ್ಮ ಮಾಲೀಕರನ್ನು ನಾನು ಕೇಳುತ್ತೇನೆ. ತೂಕ ಹಾಕುವ ಹೊತ್ತಿಗೇ ಬನ್ನಿ.

ಲೆಕ್ಕ ಪತ್ರ
ಹೊತ್ತಿನ ವಿಷಯ ಬಂತು, ಇದು ಮುಖ್ಯ. ಹೊರಡುವ ಮುಂಚೆ ಕೇಳಿದರೆ ಜನ ಮುಂಗಡದ ಬಗ್ಗೆ ಮಾತಾಡುತ್ತಾರೆ. ವಾಪಸ್ ಬಂದಾಗ ಕೇಳಿದರೆ ಕೂಲಿ, ಮೈ ನೋವು. ಜನವರಿಯಲ್ಲಿ ತಾಂಡಾಕ್ಕೆ ಹೋದರೆ ಅಜ್ಜಿ, ಮಕ್ಕಳು ಮಾತ್ರ ಸಿಗುತ್ತಾರೆ. ಆಗ ಅವರ ಮಾತಿಗೆ ಅಡ್ಡ ಬರುವವರು ಇರುವುದಿಲ್ಲ. ಸಾಧ್ಯವಾದರೆ ಎರಡು ಸಲ ಹೋಗಿ. ಮೇಸ್ತ್ರಿ ಇರುವ ಓಣಿಯಲ್ಲಿ ಅವನ ಕಟ್ಟೆ ಮೇಲೆ ಕೂತು ಮಾತ್ರ ಕೇಳಬೇಡಿ.

ಬೀದರ್ ಕಬ್ಬಿನ ಸೀಮೆ
ಮಹಾರಾಷ್ಟ್ರದಲ್ಲಿ ಕಬ್ಬು ಕಡಿಯುವವರಿಗೆ ಗೋಪಿನಾಥ ಮುಂಡೆ ಹೆಸರಿನ ನಿಗಮ ಇದೆ, ಅವರ ಮಕ್ಕಳಿಗೆ ಹಾಸ್ಟೆಲ್ ಯೋಜನೆ ಇದೆ. ನಮ್ಮ ಕಡೆಯಿಂದ ಹೋಗುವವರನ್ನು ಎಣಿಸುವವರೇ ಇಲ್ಲ. ನಿಮ್ಮ ವರದಿಯಲ್ಲಿ ಕನಿಷ್ಠ ಒಂದು ತಾಂಡಾದಿಂದ ಎಷ್ಟು ಮನೆ, ಎಷ್ಟು ಮಕ್ಕಳು ಹೋದರು ಅನ್ನುವ ಸರಿಯಾದ ಲೆಕ್ಕ ಇರಲಿ. ಅದನ್ನು ಹಿಡಿದು ನಾವು ಜಿಲ್ಲಾ ಪಂಚಾಯಿತಿಗೆ ಹೋಗಬಹುದು. ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ಬಂದು ಇಷ್ಟು ವರ್ಷ ಆಯಿತು, ಕಲ್ಯಾಣ ಕರ್ನಾಟಕ ಅಂತ ಹೆಸರೂ ಬದಲಾಯಿತು. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ದುಡ್ಡಲ್ಲಿ ತಾಂಡಾಕ್ಕೆ ಒಂದು ಹಾಸ್ಟೆಲ್ ಕೇಳುವುದರಲ್ಲಿ ತಪ್ಪೇನಿದೆ?

ಚಿಂಚೋಳಿ ಮಾಸ್ತರ್
ನನ್ನ ಶಾಲೆಯ ಹಾಜರಿ ಪುಸ್ತಕದಿಂದ ತಿಂಗಳವಾರು ಲೆಕ್ಕ ಕೊಡುತ್ತೇನೆ. ಮಕ್ಕಳ ಹೆಸರು ಕೊಡುವುದಿಲ್ಲ, ಸಂಖ್ಯೆ ಮಾತ್ರ.

ಸೇಡಂ ಓದುಗಿ
ಅದು ಸಿಕ್ಕರೆ ದೊಡ್ಡ ಸಹಾಯ ಸರ್. ಜಾತಿಯ ಮಾತು ಸೇರಿಸುತ್ತೇನೆ, ತಾಂಡಾದ ಮಗ ಹೇಳಿದ ಹಾಗೆ ಮಾತಿನ ನಡುವೆ. ಜನವರಿಗೆ ಒಮ್ಮೆ, ಹೋಳಿ ಮುಗಿದ ಮೇಲೆ ಒಮ್ಮೆ ಹೋಗುತ್ತೇನೆ. ಕಬ್ಬಿನ ಮನೆಗಳಿಗೆ ಭಾಲ್ಕಿ ಕಡೆಯ ಒಂದು ತಾಂಡಾ ತೆಗೆದುಕೊಳ್ಳಲು ಗೈಡ್‌ರನ್ನು ಕೇಳುತ್ತೇನೆ.

ಗುರುಮಠಕಲ್ ಗೋರ್
ಈಗಷ್ಟೇ ಓದಿದೆ. ಹೋಳಿ ಸಮಯಕ್ಕೆ ಬಹಳ ಜನ ವಾಪಸ್ ಬಂದಿರುತ್ತಾರೆ, ಹಬ್ಬ ಬಿಡುವವರು ಕಡಿಮೆ. ತಾಂಡಾದ ನಾಯಕರಿಗೆ ಮೊದಲು ತಿಳಿಸಿ ಬನ್ನಿ. ವಯಸ್ಸಾದ ಹೆಂಗಸರು ಕನ್ನಡದಲ್ಲಿ ಅರ್ಧ ಮಾತ್ರ ಹೇಳುತ್ತಾರೆ. ನನ್ನ ಅಕ್ಕ ಅಂಗನವಾಡಿಯಲ್ಲಿದ್ದಾಳೆ, ಲಂಬಾಣಿಯಲ್ಲಿ ಕೇಳಿ ನಿಮಗೆ ತಿಳಿಸುತ್ತಾಳೆ, ಬರಲು ಒಪ್ಪಿದ್ದಾಳೆ. ಸಂತೆ ದಿನ ಬೇಡ, ಯಾರೂ ಮನೆಯಲ್ಲಿ ಸಿಗುವುದಿಲ್ಲ. ಸಂಜೆ ಒಲೆ ಹಚ್ಚುವ ಹೊತ್ತೂ ಬೇಡ. ಮಧ್ಯಾಹ್ನ ಊಟ ಆದ ಮೇಲೆ ಬನ್ನಿ.